ಸಭೆಯಲ್ಲಿ ಆ ಮಗುವಿನ ಮಾತೂ ಕೇಳಲಿ



ಅನಾಥ ಮಕ್ಕಳಿಗೆ ಊಟ, ಬಟ್ಟೆ, ಶಾಲೆಯ ಫೀಸು ಕೊಡುವ ವಿಷಯದಲ್ಲಿ ನಮ್ಮ ಸಮುದಾಯ ಹಿಂದೆ ಬಿದ್ದಿಲ್ಲ. ರಮಝಾನ್‌ನಲ್ಲಿ ಯತೀಂಖಾನದ ರಶೀದಿ ಪುಸ್ತಕ ಬಂದರೆ ಬರಿಗೈಯಲ್ಲಿ ಕಳಿಸುವ ಮನೆ ಕಡಿಮೆ. ಆದರೆ ಆ ಮಕ್ಕಳ ಭವಿಷ್ಯ ತೀರ್ಮಾನವಾಗುವ ಸಭೆಯಲ್ಲಿ ಅವರ ಮಾತನ್ನು ನಾವು ಕೇಳುತ್ತೇವೆಯೇ?

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪಾಲನೆಯಲ್ಲಿರುವ ಮಕ್ಕಳ ಹೊಣೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯದು. ಅದರಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಮಕ್ಕಳನ್ನು ಇರಿಸಿಕೊಂಡ ಸಂಸ್ಥೆಗೆ ಯಾವ ಹೆಸರಿದ್ದರೂ ನೋಂದಣಿ ಕಡ್ಡಾಯ. ಪ್ರತಿ ಮಗುವಿಗೂ ವೈಯಕ್ತಿಕ ಪಾಲನಾ ಯೋಜನೆ ಇರಬೇಕು, ಅದನ್ನು ಮಗುವಿನೊಡನೆ ಸಮಾಲೋಚಿಸಿಯೇ ಬರೆಯಬೇಕು. ತನಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಭಾಗವಹಿಸುವುದು ಮಗುವಿನ ಹಕ್ಕು ಎಂದು ಕಾಯ್ದೆಯ 3ನೇ ಕಲಮು ಹೇಳುತ್ತದೆ.

ಆದರೆ ಎಷ್ಟೋ ಕಡೆ ಪರಿಶೀಲನಾ ಸಭೆ ಹೇಗೆ ನಡೆಯುತ್ತದೆ? ಮೇಜಿನ ಸುತ್ತ ದೊಡ್ಡವರು, ಎದುರಿಗೆ ಫೈಲುಗಳು. ಮಗುವನ್ನು ಒಳಗೆ ಕರೆಯುತ್ತಾರೆ. 'ಹೇಗಿದ್ದೀಯಪ್ಪಾ?' 'ಚೆನ್ನಾಗಿದ್ದೇನೆ ಸಾರ್.' ಅಷ್ಟಕ್ಕೇ ಮುಗಿಯಿತು. ತಂಗಿ ಬೇರೆ ಸಂಸ್ಥೆಯಲ್ಲಿದ್ದಾಳೆ, ಅವಳನ್ನು ನೋಡಬೇಕು ಎಂಬ ಮಾತು ಗಂಟಲಲ್ಲೇ ಉಳಿಯುತ್ತದೆ.

ಒಮ್ಮೆ ಪ್ರವಾದಿ(ಸ)ರಿಗೆ ಪಾನೀಯ ತರಲಾಯಿತು. ಬಲಗಡೆ ಒಬ್ಬ ಹುಡುಗ, ಎಡಗಡೆ ಹಿರಿಯರು. ಬಲದಿಂದ ಕೊಡುವುದು ಕ್ರಮ. ಹಿರಿಯರಿಗೆ ಮೊದಲು ಕೊಡಲೇ ಎಂದು ಪ್ರವಾದಿ(ಸ)ರು ಆ ಹುಡುಗನ ಅನುಮತಿ ಕೇಳಿದರು. ಅವನು ಒಪ್ಪಲಿಲ್ಲ. ಯಾರೂ ಅವನನ್ನು ಗದರಿಸಲಿಲ್ಲ, ಪಾತ್ರೆ ಅವನ ಕೈಗೇ ಬಂತು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿಯಿದೆ. ಇಬ್ರಾಹೀಮ್(ಅ)ರು ಕನಸಿನ ಆಜ್ಞೆಯನ್ನು ಹೇಳಿ ಮಗನ ಅಭಿಪ್ರಾಯ ಕೇಳಿದ್ದನ್ನು ನಾವು ಪ್ರತಿ ಬಕ್ರೀದ್‌ಗೂ ಹೇಳುತ್ತೇವೆ, ಮನೆಗೆ ಹೋಗಿ ಮರೆಯುತ್ತೇವೆ!

'ಮಕ್ಕಳಿಗೇನು ಗೊತ್ತು, ಕೇಳಿದ್ದನ್ನೆಲ್ಲ ಕೊಡಲಾಗುತ್ತದೆಯೇ?' ಎನ್ನುವವರಿದ್ದಾರೆ. ಕೊಡಬೇಕೆಂದೇನಿಲ್ಲ. ವಯಸ್ಸು, ಪ್ರೌಢಿಮೆ ನೋಡಿಯೇ ಮಾತಿಗೆ ತೂಕ ಕೊಡಬೇಕೆಂದು ಕಾನೂನೂ ಹೇಳುತ್ತದೆ. ಆದರೆ ಸೂರಃ ಅನ್ನಿಸಾದ 6ನೇ ಆಯತ್ ಅನಾಥರನ್ನು ಪರೀಕ್ಷಿಸುತ್ತಾ ಬರಲು, ವಿವೇಕ ಕಂಡಾಗ ಅವರ ಸೊತ್ತನ್ನು ಒಪ್ಪಿಸಲು ಆದೇಶಿಸುತ್ತದೆ. ಹದಿನೆಂಟರವರೆಗೆ ಏನನ್ನೂ ಕೇಳದೆ ಇಟ್ಟು, ಮರುದಿನ ಚೀಲ ಕೊಟ್ಟು ಹೊರಗೆ ಕಳಿಸಿದರೆ ವಿವೇಕ ಎಲ್ಲಿಂದ ಬಂದೀತು?

ನಮ್ಮಲ್ಲಿ ಯತೀಂಖಾನದ ಕಮಿಟಿಯಲ್ಲಿರುವವರು, ಸೋದರನ ಮಕ್ಕಳನ್ನು ಸಾಕುತ್ತಿರುವವರು ಇದ್ದೀರಿ. ಸಭೆಗೆ ಕೆಲವು ದಿನ ಮೊದಲೇ ಮಗುವಿನ ಪಕ್ಕ ಕುಳಿತು ವಿವರಿಸಿ: ಅಲ್ಲಿ ಯಾರು ಇರುತ್ತಾರೆ, ಏನು ಕೇಳುತ್ತಾರೆ, ಅವರು ಯಾವುದನ್ನು ತೀರ್ಮಾನಿಸಬಲ್ಲರು, ಯಾವುದನ್ನು ತೀರ್ಮಾನಿಸಲಾರರು. ಎದುರಿಗೆ ಹೇಳಲು ಹೆದರುವ ಮಗು ಮನೆಯಲ್ಲೇ ಬರೆಯಲಿ, ಬರೆಯಲಾಗದಿದ್ದರೆ ಚಿತ್ರ ಬಿಡಿಸಲಿ. ಉರ್ದು ಅಥವಾ ಬ್ಯಾರಿಯಲ್ಲಿ ಹೇಳುವುದು ಸುಲಭವಾದರೆ ಆ ಭಾಷೆಯಲ್ಲೇ ಹೇಳಲಿ, ಕನ್ನಡಕ್ಕೆ ತಿರುಗಿಸುವವರನ್ನು ಜೊತೆಗಿರಿಸಿ. ವಾರ್ಡನ್ ಬಗ್ಗೆ ದೂರಿದ್ದರೆ ವಾರ್ಡನ್ ಎದುರೇ ಕೇಳಬೇಡಿ. ಇದು ಬಹಳ ಮುಖ್ಯ. ಮಗು ನಂಬುವ ಟೀಚರೋ ಅಜ್ಜಿಯೋ ಪಕ್ಕದಲ್ಲಿರಲಿ, ಆದರೆ ಅವರು ಮಗುವಿನ ಉತ್ತರವನ್ನು ತಾವೇ ಹೇಳಿ ಮುಗಿಸದಿರಲಿ. ಮಗು ಸುಮ್ಮನಿದ್ದರೆ ಸ್ವಲ್ಪ ಕಾಯಿರಿ. ಮಾತಾಡಲು ಇಷ್ಟವಿಲ್ಲವೆಂದರೆ ಅದನ್ನೂ ಗೌರವಿಸಿ.

ಸಭೆ ಮುಗಿದ ಮೇಲೆ ಏನು ತೀರ್ಮಾನವಾಯಿತೆಂದು ಅದೇ ದಿನ ಮಗುವಿಗೆ ಹೇಳಿ. ತಂಗಿಯ ಭೇಟಿಗೆ ಒಪ್ಪಿಗೆ ಸಿಕ್ಕಿದ್ದರೆ ಯಾವ ದಿನ, ಯಾರು ಕರೆದೊಯ್ಯುತ್ತಾರೆ ಎಂಬುದನ್ನೂ, ಸಿಗದಿದ್ದರೆ ಏಕೆ ಸಿಗಲಿಲ್ಲ, ಮತ್ತೆ ಯಾವಾಗ ಕೇಳಬಹುದು ಎಂಬುದನ್ನೂ ಹೇಳಿ.