ಹೆಣ್ಣೋ ಗಂಡೋ: ತೀರ್ಮಾನ ಯಾರದ್ದು?

ಇವತ್ತಿನ ಮಾತನ್ನ ನಮ್ಮ ಮನೆ ಕಾಂಪೌಂಡಿನಿಂದಲೇ ಶುರು ಮಾಡ್ತೀನಿ. ನಮ್ಮದು ಬಸವೇಶ್ವರನಗರ. ಮೂವತ್ತು-ನಲವತ್ತರ ಸೈಟು. ಗೋಡೆ ಪಕ್ಕದಲ್ಲಿ ಎರಡಡಿ ಅಗಲ ಮಣ್ಣು ಹಾಗೇ ಬಿಟ್ಟಿದ್ದೀವಿ. ಅಲ್ಲೊಂದು ದಾಸವಾಳ, ಒಂದು ಕರಿಬೇವು. ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ನೋಡ್ತೀನಿ, ದಾಸವಾಳದ ಬುಡದಲ್ಲಿ ಓತಿಕ್ಯಾತ ಮಣ್ಣು ಕೆದರ್ತಾ ಇದೆ. ಗುಂಡಿ ತೋಡಿತು, ಮೊಟ್ಟೆ ಇಟ್ಟಿತು, ಮಣ್ಣು ಮುಚ್ಚಿತು, ಹೊರಟೇ ಹೋಯಿತು. ಮತ್ತೆ ತಿರುಗಿ ನೋಡಲಿಲ್ಲ.

ಪಕ್ಕದ ಮನೆಯ ಅಮ್ಮ ಗೋಡೆ ಆಚೆಯಿಂದ ಕೇಳಿದ್ರು: 'ಏನ್ ಟೀಚರಮ್ಮ, ಅಷ್ಟೊತ್ತಿಂದ ಅದೇನು ನೋಡ್ತಾ ಇದ್ದೀರಿ?' ನಾನು ಹೇಳಿದೆ. ಅವರು ನಿಟ್ಟುಸಿರು ಬಿಟ್ಟು, 'ಅದಕ್ಕೇನಮ್ಮ, ಗಂಡಾದ್ರೂ ಆಯ್ತು, ಹೆಣ್ಣಾದ್ರೂ ಆಯ್ತು, ಕೇಳೋರಿಲ್ಲ. ನಮ್ಮ ಸೊಸೆಗೆ ಇದು ಮೂರನೇದು. ಈ ಸಲನಾದ್ರೂ ಒಂದು ಗಂಡು ಕೊಡ್ತಾಳೋ ನೋಡ್ಬೇಕು' ಅಂದ್ರು. ಸೊಸೆ ಅಲ್ಲೇ ಹಿಂದೆ ಬಟ್ಟೆ ಒಣಗಹಾಕ್ತಾ ಇದ್ಲು. ಅವಳಿಗೂ ಕೇಳಿಸ್ತು.

ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿದವಳು. ಆ 'ಕೊಡ್ತಾಳೋ' ಅನ್ನೋ ಮಾತು ಅವತ್ತಿಡೀ ಮನಸ್ಸಲ್ಲೇ ಉಳೀತು. ಕೊಡೋದು ಯಾರು? ತೀರ್ಮಾನ ಮಾಡೋದು ಯಾರು? ಇವತ್ತು ಅದನ್ನೇ ಮಾತಾಡೋಣ. ಮೊದಲು ಓತಿಕ್ಯಾತ, ಆಮೇಲೆ ನಾವು.

ಮೀನು, ಕಪ್ಪೆ, ಓತಿಕ್ಯಾತ, ಕೋಳಿ, ಮನುಷ್ಯ, ಇವೆಲ್ಲ ಬೆನ್ನುಮೂಳೆ ಇರುವ ಪ್ರಾಣಿಗಳು. ಭ್ರೂಣ ಬೆಳೆಯೋಕೆ ಶುರುವಾದಾಗ ಇವುಗಳಲ್ಲಿ ಒಂದು ಜೋಡಿ ಪುಟ್ಟ ಅಂಗ ಮೂಡುತ್ತದೆ. ಅದು ಮುಂದೆ ವೃಷಣವೂ ಆಗಬಹುದು, ಅಂಡಾಶಯವೂ ಆಗಬಹುದು. ಎರಡು ದಾರಿಯೂ ತೆರೆದಿರುತ್ತವೆ. ಮೈಸೂರು ರಸ್ತೆಯಲ್ಲಿ ಬಂದ ಬಸ್ಸು ನಾಯಂಡಹಳ್ಳಿ ಜಂಕ್ಷನ್ನಲ್ಲಿ ನಿಂತ ಹಾಗೆ ಅಂದ್ಕೊಳ್ಳಿ. ನೇರ ಹೋದ್ರೆ ಕೆಂಗೇರಿ, ಬಲಕ್ಕೆ ತಿರುಗಿದ್ರೆ ನಾಗರಬಾವಿ. ಬಸ್ಸು ಅದೇ, ರಸ್ತೆ ಬೇರೆ. ಪ್ರಶ್ನೆ ಏನಂದ್ರೆ, ಸ್ಟಿಯರಿಂಗ್ ಯಾರ ಕೈಯಲ್ಲಿದೆ? ಅದು ಒಂದೊಂದು ಪ್ರಾಣಿಯಲ್ಲಿ ಒಂದೊಂದು ರೀತಿ.

ಓತಿಕ್ಯಾತದಲ್ಲಿ ಅದು ಮಣ್ಣಿನ ಬಿಸಿಯ ಕೈಯಲ್ಲಿದೆ. ಈ ಪ್ರಾಣಿಯಲ್ಲಿ ಗಂಡು-ಹೆಣ್ಣನ್ನ ಬೇರೆ ಮಾಡಿ ತೋರಿಸುವ ವರ್ಣತಂತುಗಳು ಕಂಡುಬಂದಿಲ್ಲ. ನಮ್ಮ ರಾಜಾಜಿನಗರದಿಂದ ಕೂಗಳತೆಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆ, ನಮ್ಮೆಲ್ಲರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಲ್ಲಿ ಪ್ರೊಫೆಸರ್ ಪಿ.ಬಿ. ಶೇಷಗಿರಿ ಅವರ ತಂಡ ಇದರ ಮೇಲೆ ಕೆಲಸ ಮಾಡಿತು. ಮೊಟ್ಟೆಗಳನ್ನ ಬೇರೆ ಬೇರೆ ಉಷ್ಣಾಂಶದಲ್ಲಿ ಇಟ್ಟು ಮರಿ ಮಾಡಿಸಿದರು. 2012ರಲ್ಲಿ ಪ್ರಕಟವಾದ ಅವರ ಫಲಿತಾಂಶ ವಿಚಿತ್ರವಾಗಿದೆ, ಕೇಳಿ. ಸುಮಾರು 23.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಣ್ಣು. 25.5ರ ಹತ್ತಿರ ಗಂಡು. 31.5ರಲ್ಲಿ ಮತ್ತೆ ಹೆಣ್ಣು. 34ರಲ್ಲಿ ಮತ್ತೆ ಗಂಡು. ಹೆಣ್ಣು-ಗಂಡು-ಹೆಣ್ಣು-ಗಂಡು, ಹೀಗೆ ಎರಡು ಸಲ ಹೊರಳುವ ಮಾದರಿಯನ್ನ ಅವರು ಹೊಸದು ಅಂತಲೇ ಕರೆದರು. ಓತಿಕ್ಯಾತದ ಸಂತಾನದ ಬಗ್ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಸ್.ಕೆ. ಸೈದಾಪುರ ಮತ್ತು ಅವರ ಸಹೋದ್ಯೋಗಿಗಳೂ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ಬೇಲಿ ಮೇಲೆ ತಲೆ ಆಡಿಸ್ತಾ ಕೂತ ಪ್ರಾಣಿ ಅಂತ ನಾವು ಕಲ್ಲು ಹೊಡೆದು ಓಡಿಸ್ತೀವಲ್ಲ, ಅದೇ ಇದು.

ಇದು ಮೊದಲು ಗೊತ್ತಾಗಿದ್ದೂ ಓತಿಕ್ಯಾತದ ದಾಯಾದಿಯಿಂದಲೇ. 1966ರಲ್ಲಿ ಮ್ಯಾಡ್ಲೀನ್ ಶಾರ್ನಿಯೆ ಅನ್ನೋ ವಿಜ್ಞಾನಿ ಆಫ್ರಿಕಾದ ಸೆನೆಗಲ್‌ನಲ್ಲಿ, ಅಗಾಮ ಅನ್ನೋ ಹಲ್ಲಿಜಾತಿಯ ಮೊಟ್ಟೆಗಳಲ್ಲಿ ಇದನ್ನ ಗಮನಿಸಿದರು. ಆಮೇಲೆ ಆಮೆ, ಮೊಸಳೆಗಳಲ್ಲೂ ಕಂಡುಬಂತು. ರಂಗನತಿಟ್ಟಿನ ಬಂಡೆ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸ್ತಾ ಮಲಗಿರೋ ಮೊಸಳೆ ನೋಡಿದ್ದೀರಲ್ಲ? ಆ ಜಾತಿಯ ಮೊಟ್ಟೆಗಳು 28ರಿಂದ 31 ಡಿಗ್ರಿಯಲ್ಲಿದ್ರೆ ಎಲ್ಲ ಹೆಣ್ಣು. 32.5ರ ಸುತ್ತಮುತ್ತ ಗಂಡು. ಒಂದೂವರೆ ಡಿಗ್ರಿ ವ್ಯತ್ಯಾಸ, ಅಷ್ಟೇ.

ಬಿಸಿ ಏರ್ತಾ ಇರೋ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಬೆಚ್ಚಗಿನ ತೀರಗಳಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ನೂರಕ್ಕೆ 99 ಹೆಣ್ಣು ಅಂತ 2018ರಲ್ಲಿ ವರದಿಯಾಯಿತು. ನಮ್ಮ ಬಡಾವಣೆಗಳಲ್ಲಂತೂ ಓತಿಕ್ಯಾತಕ್ಕೆ ಮೊಟ್ಟೆ ಇಡೋಕೆ ಮಣ್ಣೇ ಉಳಿದಿಲ್ಲ. ಗೇಟಿನಿಂದ ಹಿತ್ತಲ ತನಕ ಸಿಮೆಂಟು, ಅದರ ಮೇಲೆ ಟೈಲ್ಸು. ಎರಡಡಿ ಮಣ್ಣು, ಮೇಲೊಂದು ಗಿಡದ ನೆರಳು ಇದ್ರೆ ಒಂದು ಸಂತಾನ ಉಳಿಯುತ್ತೆ. ಇದೊಂದು ಮಾತು ನೆನಪಿಟ್ಕೊಳ್ಳಿ.

ಇನ್ನು ಕೋಳಿ. ಇಲ್ಲಿ ಬಿಸಿ ಅಲ್ಲ, ವರ್ಣತಂತು. ಹುಂಜದ ಹತ್ತಿರ ಎರಡೂ ಝಡ್. ಹೇಂಟೆ ಹತ್ತಿರ ಒಂದು ಝಡ್, ಒಂದು ಡಬ್ಲ್ಯು. ಹಾಗಾಗಿ ಮರಿ ಹೇಂಟೆಯೋ ಹುಂಜವೋ ಅನ್ನೋದು ತಾಯಿಯ ಅಂಡಾಣುವಿನ ಮೇಲೆ ನಿಂತಿದೆ. ಅಕ್ವೇರಿಯಂ ಅಂಗಡಿಯಲ್ಲಿ ಕಿತ್ತಳೆ-ಬಿಳಿ ಪಟ್ಟೆಯ ಕ್ಲೌನ್ ಮೀನು ಇರ್ತಾವಲ್ಲ, ಅವುಗಳದ್ದು ಇನ್ನೂ ಮಜಾ. ಗುಂಪಿನಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಅದರ ಜೊತೆಗಾರ ಗಂಡೇ ಹೆಣ್ಣಾಗಿ ಬದಲಾಗುತ್ತೆ.

ಈಗ ನಮ್ಮ ವಿಷಯಕ್ಕೆ ಬರೋಣ. ಮನುಷ್ಯರಲ್ಲಿ ಕೋಳಿಗೆ ತದ್ವಿರುದ್ಧ. ತಾಯಿಯ ಹತ್ತಿರ ಎರಡೂ ಎಕ್ಸ್, ಹಾಗಾಗಿ ಅವಳ ಅಂಡಾಣುವಿನಲ್ಲಿ ಎಕ್ಸ್ ಮಾತ್ರ. ಅವಳ ಹತ್ತಿರ ಕೊಡೋಕೆ ವೈ ಅನ್ನೋದು ಇಲ್ಲವೇ ಇಲ್ಲ. ತಂದೆಯ ವೀರ್ಯಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧ ಎಕ್ಸ್, ಅರ್ಧ ವೈ. ಎಕ್ಸ್ ಇರುವ ವೀರ್ಯಾಣು ಸೇರಿದ್ರೆ ಸಾಮಾನ್ಯವಾಗಿ ಹೆಣ್ಣು, ವೈ ಇರುವುದು ಸೇರಿದ್ರೆ ಗಂಡು. ಹಾಗಂತ ಮಗು ಆ ಕ್ಷಣಕ್ಕೇ ಗಂಡಾಗೋದೂ ಇಲ್ಲ, ಹೆಣ್ಣಾಗೋದೂ ಇಲ್ಲ. ಆರೇಳು ವಾರದ ತನಕ ಆ ಜೋಡಿ ಅಂಗ ನಾಯಂಡಹಳ್ಳಿ ಜಂಕ್ಷನ್ನಲ್ಲೇ ನಿಂತಿರುತ್ತೆ.

ಆಗ ವೈ ವರ್ಣತಂತುವಿನ ಮೇಲಿರೋ ಎಸ್‌ಆರ್‌ವೈ ಅನ್ನೋ ಜೀನ್ ಕೆಲಸ ಶುರು ಮಾಡುತ್ತೆ. ಲಂಡನ್ನಿನ ವಿಜ್ಞಾನಿಗಳು ಇದನ್ನ ಪತ್ತೆಹಚ್ಚಿದ್ದು 1990ರಲ್ಲಿ. ಮರುವರ್ಷವೇ, ಎರಡು ಎಕ್ಸ್ ಇರುವ ಇಲಿಯ ಭ್ರೂಣಕ್ಕೆ ಆ ಒಂದು ಜೀನ್ ಸೇರಿಸಿದಾಗ ಅದು ಗಂಡಾಗಿ ಬೆಳೆದದ್ದನ್ನ ತೋರಿಸಿದರು. ಈ ಜೀನ್ ಸಾಕ್ಸ್9 ಅನ್ನೋ ಇನ್ನೊಂದು ಜೀನನ್ನ ಎಬ್ಬಿಸುತ್ತೆ, ವೃಷಣ ರೂಪುಗೊಳ್ಳುತ್ತೆ. ಅದರಿಂದ ಬರುವ ಒಂದು ಹಾರ್ಮೋನು ಗರ್ಭಕೋಶ ಆಗಬೇಕಿದ್ದ ನಾಳವನ್ನ ಕರಗಿಸುತ್ತೆ. ಟೆಸ್ಟೋಸ್ಟೆರಾನ್ ಇನ್ನೊಂದು ನಾಳವನ್ನ ಉಳಿಸಿ ಬೆಳೆಸುತ್ತೆ.

ಎಸ್‌ಆರ್‌ವೈ ಇಲ್ಲದಿದ್ರೆ ಸುಮ್ಮನೆ ಹೆಣ್ಣಾಗುತ್ತೆ ಅಂತ ಹಿಂದೆ ಹೇಳ್ತಿದ್ರು. ನಾನೂ ತರಗತಿಯಲ್ಲಿ ಹಾಗೇ ಹೇಳ್ತಿದ್ದೆ. ಅದು ತಪ್ಪು. ಅಂಡಾಶಯ ಆಗೋಕೂ ಬೇರೆ ಜೀನ್‌ಗಳು ದುಡೀಬೇಕು. 2009ರಲ್ಲಿ ಬೆಳೆದ ಹೆಣ್ಣು ಇಲಿಗಳಲ್ಲಿ ಫಾಕ್ಸ್‌ಎಲ್2 ಅನ್ನೋ ಒಂದು ಜೀನ್ ನಿಲ್ಲಿಸಿ ನೋಡಿದಾಗ, ಅಂಡಾಶಯದ ಜೀವಕೋಶಗಳು ವೃಷಣದ ಜೀವಕೋಶಗಳ ಥರ ಬದಲಾದವು. ಅಂದ್ರೆ ಹೆಣ್ಣು ಅನ್ನೋದು ಗಂಡಾಗದೆ ಉಳಿದದ್ದಲ್ಲ. ಅದೂ ಒಂದು ಕಟ್ಟುವ ಕೆಲಸ, ಕಟ್ಟಿದ್ದನ್ನ ಕಾಪಾಡೋ ಕೆಲಸ.

ಇಷ್ಟೆಲ್ಲ ಹಂತ ಇರೋದರಿಂದ ಕೆಲವು ಮಕ್ಕಳಲ್ಲಿ ದಾರಿ ಬೇರೆಯಾಗೋದೂ ಉಂಟು. ವೈ ಇದ್ದೂ ದೇಹ ಟೆಸ್ಟೋಸ್ಟೆರಾನಿಗೆ ಸ್ಪಂದಿಸದಿದ್ರೆ ಹೊರಗಿನ ರೂಪ ಹೆಣ್ಣಿನದೇ ಆಗುತ್ತೆ. ಅದು ಯಾರ ಪಾಪವೂ ಅಲ್ಲ, ಶಾಪವೂ ಅಲ್ಲ. ಅಂಥ ಮಗು ಹುಟ್ಟಿದ ಮನೆಯಲ್ಲಿ ಮುಚ್ಚಿಡೋದಕ್ಕಿಂತ ತಿಳಿದ ವೈದ್ಯರ ಹತ್ತಿರ ಕೂತು ಮಾತಾಡೋದು ಒಳ್ಳೇದು.

ಸರಿ, ಈಗ ಆ 'ಕೊಡ್ತಾಳೋ' ಮಾತಿಗೆ ವಾಪಸ್ ಬರ್ತೀನಿ. ವೈ ಬರೋದು ತಂದೆಯಿಂದ. ಹಾಗಾದ್ರೆ ತಪ್ಪು ತಂದೆಯದಾ? ಅದೂ ಅಲ್ಲ. ಕೋಟಿಗಟ್ಟಲೆ ವೀರ್ಯಾಣುಗಳಲ್ಲಿ ಯಾವುದು ಮುಟ್ಟಬೇಕು ಅಂತ ಆರಿಸೋದು ಅವನ ಕೈಯಲ್ಲೂ ಇಲ್ಲ. ಅದು ನಾಣ್ಯ ಚಿಮ್ಮಿದ ಹಾಗೆ. ಎರಡು ಸಲ ಹೆಣ್ಣಾಯ್ತು, ಮೂರನೇದು ಗಂಡು ಆಗಲೇಬೇಕು ಅನ್ನೋಕೆ ನಾಣ್ಯಕ್ಕೆ ನೆನಪಿಲ್ಲ. ನಾಲ್ಕು ಮಕ್ಕಳಿರುವ ಹದಿನಾರು ಮನೆ ತಗೊಂಡ್ರೆ, ಲೆಕ್ಕದ ಪ್ರಕಾರ ಒಂದು ಮನೆಯಲ್ಲಿ ನಾಲ್ಕೂ ಹೆಣ್ಣೇ. ಆ ಮನೆಯ ಸೊಸೆ ಏನೂ ಮಾಡಿಲ್ಲ.

ಇದು ಬರೀ ಗೋಡೆ ಮಾತಲ್ಲ. ಭ್ರೂಣದ ಲಿಂಗ ಪತ್ತೆಯನ್ನ ನಿಷೇಧಿಸುವ ಕಾಯ್ದೆ 1994ರಲ್ಲೇ ಬಂತು. ಆದ್ರೂ 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಒಂದು ಜಾಲವನ್ನ ಬಯಲಿಗೆಳೆದಾಗ ಗೊತ್ತಾಯ್ತಲ್ಲ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೀತಿತ್ತು ಅಂತ. ಬೆಲ್ಲ ಕಾಯಿಸೋ ಜಾಗ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು 948. 'ಈ ಸಲನಾದ್ರೂ' ಅನ್ನೋ ಮಾತು ದಿನಾ ಕಿವಿಗೆ ಬೀಳ್ತಾ ಬೀಳ್ತಾ ಒಬ್ಬಳು ಆ ಆಲೆಮನೆಯ ಬಾಗಿಲ ತನಕ ಹೋಗ್ತಾಳೆ.

ಅವತ್ತು ಸಂಜೆ ನಾನು ಪಕ್ಕದ ಮನೆಗೆ ಹೋದೆ. ಪಾಠ ಮಾಡಲಿಲ್ಲ. ಕಾಫಿ ಕುಡೀತಾ, 'ಅಮ್ಮಾ, ನಿಮ್ಮ ಸೊಸೆ ಹತ್ರ ಗಂಡು ಕೊಡೋ ಕಣವೇ ಇಲ್ಲಮ್ಮ. ಅದು ಇರೋದು ನಿಮ್ಮ ಮಗನ ಹತ್ರ. ಅವನಿಗೂ ಅದು ಹೇಳಿದ ಮಾತು ಕೇಳಲ್ಲ' ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, 'ನನಗೂ ನಮ್ಮತ್ತೆ ಹಾಗೇ ಅಂದಿದ್ರು. ಮೂರು ಹೆಣ್ಣಾದ ಮೇಲೆ ಇವನು ಹುಟ್ಟಿದ್ದು. ಆಗ ನನಗೆ ಇದನ್ನ ಯಾರೂ ಹೇಳ್ಲಿಲ್ವಲ್ಲ' ಅಂದ್ರು. ಒಳಗೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತ್ತು.

ಸುಮಾರು ಎರಡು ತಿಂಗಳಾದ ಮೇಲೆ ದಾಸವಾಳದ ಬುಡದಲ್ಲಿ ಬೆರಳುದ್ದದ ಮರಿಗಳು ಓಡಾಡ್ತಿದ್ವು. ಗಂಡೆಷ್ಟು, ಹೆಣ್ಣೆಷ್ಟು ಅಂತ ನಾನು ಲೆಕ್ಕ ಹಾಕೋಕೆ ಹೋಗಲಿಲ್ಲ.

ಈ ಸಂಚಿಕೆಯನ್ನ ನಿಮ್ಮ ಮನೆಯ ಹಿರಿಯರ ಜೊತೆ ಕೂತು ಒಂದು ಸಲ ಕೇಳಿ.