ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್
(ವಿದ್ಯಾರ್ಥಿಗಳಿಗಾಗಿ ಮಾಡಿದ ಭಾಷಣದ ಬರಹ ರೂಪ)



ಓಮ್‌ನ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ, ಆಮೇಲೆ ಮರೆತುಬಿಡುವವರೇ ಹೆಚ್ಚು. ಆದರೆ ನಮ್ಮ ಮನೆಯ ಸ್ವಿಚ್ ಬೋರ್ಡು ಸುಡದಂತೆ ಕಾಯುವ ವಿದ್ಯೆಯೂ ಅದರಲ್ಲೇ ಇದೆ ಎಂಬುದನ್ನು ಇಂದು ನಿಮಗೆ ಹೇಳಬಯಸುತ್ತೇನೆ.

1827ರಲ್ಲಿ ಈ ನಿಯಮವನ್ನು ಪುಸ್ತಕವಾಗಿ ಪ್ರಕಟಿಸಿದ ಜರ್ಮನಿಯ ಜಾರ್ಜ್ ಸೈಮನ್ ಓಮ್ ಬೀಗ ಮಾಡುವವರ ಮಗ. ಶಾಲೆಯಲ್ಲಿ ಪಾಠ ಹೇಳುತ್ತಲೇ ಪ್ರಯೋಗ ನಡೆಸಿದವರು. ಲೆಕ್ಕ ಇಷ್ಟೇ: ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ ಸಿಗುತ್ತದೆ. ಅದೇ ಎರಡನ್ನು ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ. ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್.

ಮೂರು ಟಾರ್ಚ್ ಸೆಲ್ ಜೋಡಿಸಿದರೆ 4.5 ವೋಲ್ಟ್. ಬಲ್ಬಿನಲ್ಲಿ 0.3 ಆಂಪಿಯರ್ ಹರಿದರೆ ರೋಧ 15 ಓಮ್, ಸಾಮರ್ಥ್ಯ 1.35 ವ್ಯಾಟ್. ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್ ಮೀಟರನ್ನು ಸಮಾಂತರವಾಗಿ ಜೋಡಿಸಿ ನೀವೇ ಅಳೆದು ನೋಡಿ. ಆದರೆ ಪ್ರಯೋಗ ಸೆಲ್ಲಿನಿಂದಲೇ ಇರಲಿ. ಮನೆಯ 230 ವೋಲ್ಟಿಗೆ ಕೈ ಹಾಕಬೇಡಿ.

ಈಗ ಮನೆಗೆ ಬರೋಣ. ನೀರು ಕಾಯಿಸುವ 2000 ವ್ಯಾಟ್ ಕಾಯಿಲ್ ಇದೆ ಎನ್ನಿ. 2000ವನ್ನು 230ರಿಂದ ಭಾಗಿಸಿದರೆ ಕರೆಂಟು ಸುಮಾರು 8.7 ಆಂಪಿಯರ್. ಅದನ್ನು 6 ಆಂಪಿಯರಿನ ಸಾಕೆಟ್ಟಿಗೆ ಚುಚ್ಚಬಹುದೇ? ಲೆಕ್ಕವೇ ಬೇಡವೆನ್ನುತ್ತದೆ. ಇನ್ನು ಸಾಕೆಟ್ಟಿನ ಒಂದು ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೋಧ ಹುಟ್ಟಿತು ಎನ್ನಿ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ 38 ವ್ಯಾಟ್. ಬೆಸುಗೆ ಹಾಕುವ ಕಡ್ಡಿಯಷ್ಟು ಶಾಖ ಆ ಸಣ್ಣ ಬಿಂದುವಿನಲ್ಲೇ! ಪ್ಲಾಸ್ಟಿಕ್ ಕರಗುವುದು, ಬೆಂಕಿ ಹತ್ತುವುದು ಹೀಗೆ.

ಇದೇ ಸೂತ್ರ ದೊಡ್ಡ ಕೆಲಸಕ್ಕೂ ಬಂತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದಾಗ ವೋಲ್ಟೇಜನ್ನು ಬಹಳ ಏರಿಸಿಯೇ ಕಳಿಸಿದರು. ವೋಲ್ಟೇಜು ಎರಡರಷ್ಟಾದರೆ ಕರೆಂಟು ಅರ್ಧ, ತಂತಿಯಲ್ಲಿನ ನಷ್ಟ ಕಾಲುಭಾಗ.

ರೈತರ ಮಕ್ಕಳು ಇನ್ನೊಂದು ಮಾತು ನೆನಪಿಡಿ. ವೋಲ್ಟೇಜು 180ಕ್ಕೆ ಇಳಿದರೆ ಆ ಕಾಯಿಲ್ 2000ದ ಬದಲು ಸುಮಾರು 1225 ವ್ಯಾಟ್ ಮಾತ್ರ ಎಳೆಯುತ್ತದೆ. ನೀರು ತಡವಾಗಿ ಕಾಯುತ್ತದೆ, ಅಷ್ಟೇ. ಬೋರ್‌ವೆಲ್ ಮೋಟಾರು ಹಾಗಲ್ಲ. ಅದೇ ಭಾರ ಎತ್ತಬೇಕಾದ್ದರಿಂದ ಹೆಚ್ಚು ಕರೆಂಟು ಎಳೆದು ಒಳಗೇ ಕಾಯುತ್ತದೆ, ಸುತ್ತು ಸುಡುತ್ತದೆ. ಅದಕ್ಕೇ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇರುವುದು. ಅದು ಪದೇ ಪದೇ ಟ್ರಿಪ್ ಆಗುತ್ತದೆಂದು ತಂತಿ ಕಟ್ಟಿ ನೇರ ಮಾಡಿದರೆ ಕಾವಲುಗಾರನನ್ನೇ ಕಟ್ಟಿಹಾಕಿದಂತೆ. ಮೋಟಾರಿಗೆ ಬರೀ ಗುಣಾಕಾರವೂ ಸಾಲದು; ಪವರ್ ಫ್ಯಾಕ್ಟರನ್ನೂ ಸೇರಿಸಬೇಕು.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಪ್ರತಿ ಉಪಕರಣದ ಮೇಲೆ ಬರೆದಿರುವ ವ್ಯಾಟನ್ನು ಪಟ್ಟಿ ಮಾಡಿ, 230ರಿಂದ ಭಾಗಿಸಿ, ಸಾಕೆಟ್ಟಿನ ಆಂಪಿಯರಿನೊಂದಿಗೆ ಹೋಲಿಸಿ. ಹೊಂದದಿದ್ದರೆ ಮನೆಯ ಹಿರಿಯರಿಗೆ ತಿಳಿಸಿ, ಬಲ್ಲ ಎಲೆಕ್ಟ್ರಿಷಿಯನ್‌ರನ್ನು ಕರೆಸಿ. ಕಲಿತ ಲೆಕ್ಕ ಹೀಗೆ ಮನೆಗೆ ಉಪಯೋಗವಾದರೆ ಅದಕ್ಕಿಂತ ದೊಡ್ಡ ಅಂಕ ಬೇರೆ ಇಲ್ಲ.