ಮೇಣದ ಬತ್ತಿಯ ಹವ್ಯಾಸ

(ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ನಿಮಿತ್ತ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾವು ಹಿಂಜರಿದೆವು. ಈ ವೇದಿಕೆಯಿಂದ ಪಂಡಿತರು ಪಂಪನನ್ನೂ ಕುಮಾರವ್ಯಾಸನನ್ನೂ ಕುರಿತು ಮಾತನಾಡಿದ್ದಾರೆ. ನಾವಾದರೋ ಗೋರೆಗಾಂವದ ಒಂದೇ ಕಟ್ಟಡದಲ್ಲಿ ವಾಸವಾಗಿರುವ ನಾಲ್ಕು ಮನೆಗಳ ಹೆಂಗಸರು. ಹೇಳಿಕೊಳ್ಳುವಂಥ ವಿದ್ಯೆ ನಮ್ಮಲ್ಲಿ ಯಾವುದೂ ಇಲ್ಲ. ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಕೂಡಿ ಸೋಯಾ ಮೇಣ ಕರಗಿಸಿ ಬತ್ತಿ ಮಾಡುತ್ತೇವೆ, ಅಷ್ಟೇ. "ಹಾಗಾದರೆ ಅದನ್ನೇ ಹೇಳಿ" ಎಂದರು. ಅವರ ಮಾತಿನಂತೆ ನಿಮ್ಮ ಮುಂದೆ ನಿಂತಿದ್ದೇವೆ.

ಈ ಹವ್ಯಾಸ ನಮಗೆ ಅಂಟಿದ್ದು ಹೇಗೆಂಬುದನ್ನು ಮೊದಲು ಹೇಳಬೇಕು. ಮುಂಬಯಿಯಲ್ಲಿ ವಿದ್ಯುತ್ತು ಹೋಗುವುದು ಅಪರೂಪ. ಹೋದರೆ ಮಾತ್ರ ಮರೆಯದಂತೆ ಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದು ಉಪನಗರಗಳ ಎಷ್ಟೋ ಬಡಾವಣೆಗಳು ಕತ್ತಲಾದುವಲ್ಲ, ಆ ರಾತ್ರಿ ನಮ್ಮ ಮಹಡಿಯಲ್ಲಿ ಒಂದೇ ಒಂದು ಮೇಣದ ಬತ್ತಿಯಿತ್ತು. ಅದನ್ನು ಮೂರು ತುಂಡು ಮಾಡಿ ಮೂರು ಮನೆಗೆ ಹಂಚಿಕೊಂಡು, ಆಫೀಸಿನಿಂದ ಮರಳದವರ ದಾರಿ ಕಾಯುತ್ತ ಕುಳಿತಿದ್ದೆವು. ಮುಂದೆ 2020ರ ಅಕ್ಟೋಬರ್ 12ರ ಬೆಳಿಗ್ಗೆ ಹತ್ತರ ಸುಮಾರಿಗೆ ಇಡೀ ನಗರದ ವಿದ್ಯುತ್ತು ನಿಂತುಹೋಯಿತು. ಲೋಕಲ್ ಗಾಡಿಗಳು ಹಳಿಯ ಮೇಲೆಯೇ ನಿಂತವು. ರಾತ್ರಿಯೂ ಹೀಗೆಯೇ ಆದರೆ ಏನು ಗತಿ ಎಂದು ನಾಲ್ಕೂ ಮನೆಗಳಲ್ಲಿ ಹುಡುಕಿದೆವು. ಹುಟ್ಟುಹಬ್ಬದ ಕೇಕಿಗೆ ಚುಚ್ಚುವ ಕಡ್ಡಿಗಳ ಹೊರತು ಒಂದು ಬತ್ತಿಯೂ ಸಿಗಲಿಲ್ಲ. ಆಗ ನಮ್ಮಲ್ಲೊಬ್ಬರ ಸೊಸೆ, ಲಾಕ್‌ಡೌನಿನ ಬೇಸರ ಕಳೆಯಲೆಂದು ತರಿಸಿ ಹಾಗೆಯೇ ಮೂಲೆಗಿಟ್ಟಿದ್ದ ಒಂದು ಕಿಲೋ ಸೋಯಾ ಮೇಣದ ಚೀಲವನ್ನು ಹೊರತೆಗೆದಳು. ನಮ್ಮ ಹವ್ಯಾಸದ ಶ್ರೀಗಣೇಶ ಅಲ್ಲಿಂದ.

ಸೋಯಾ ಮೇಣವೆಂದರೆ ಬಹಳ ಹೊಸ ವಸ್ತುವೆಂದು ನಾವು ಭಾವಿಸಿದ್ದೆವು. ಬತ್ತಿಗೆ ಅದನ್ನು ಬಳಸುವುದು ಹೊಸತೇ ಹೌದು: ಜೇನುಮೇಣ ದುಬಾರಿಯಾಯಿತೆಂದು 1990ರ ದಶಕದ ಆರಂಭದಲ್ಲಿ ಅಮೆರಿಕದ ಅಯೋವಾ ರಾಜ್ಯದ ಮೈಕೆಲ್ ರಿಚರ್ಡ್ಸ್ ಎಂಬವರು ಇದನ್ನು ರೂಢಿಗೆ ತಂದರು. ಆದರೆ ಅದರ ಹಿಂದಿನ ವಿದ್ಯೆ ಮುಂಬಯಿಗೆ ಹಳೆಯದು. ಸೋಯಾ ಕಾಳಿನಲ್ಲಿ ನೂರಕ್ಕೆ 18ರಿಂದ 20 ಪಾಲು ಎಣ್ಣೆಯಿದೆ. ಆ ಎಣ್ಣೆಗೆ ಜಲಜನಕವನ್ನು ಕೂಡಿಸಿದರೆ ಅದು ಗಟ್ಟಿಯಾಗುತ್ತದೆ. 1932ರಲ್ಲಿ ಇಲ್ಲಿಯೇ ಶಿವಡಿಯ ಕಾರ್ಖಾನೆಯಲ್ಲಿ ವನಸ್ಪತಿ ತಯಾರಾಗತೊಡಗಿದ್ದು ಇದೇ ಕ್ರಮದಿಂದ. 1937ರಿಂದ ಅದು ಡಾಲ್ಡಾ ಎಂಬ ಹೆಸರಿನಲ್ಲಿ ಮನೆಮನೆಗೆ ಬಂತು. ಖಾಲಿಯಾದ ಡಾಲ್ಡಾ ಡಬ್ಬಿಗೆ ಮಣ್ಣು ತುಂಬಿ ಚಾಳಿನ ಗ್ಯಾಲರಿಯಲ್ಲಿ ತುಳಸಿ ಬೆಳೆಸಿದ ಅತ್ತೆಯಂದಿರು ನಮ್ಮಲ್ಲಿ ಯಾರಿಗೆ ಇರಲಿಲ್ಲ? ಸೋಯಾ ಮೇಣ ಆ ಡಾಲ್ಡಾದ ಬಳಗಕ್ಕೇ ಸೇರಿದ್ದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬತ್ತಿಯ ಮೇಣವೋ ಕಲ್ಲೆಣ್ಣೆಯಿಂದ ಬಂದದ್ದು.

"ದೀಪವೆಂದರೆ ಎಣ್ಣೆಯ ದೀಪ, ಮೇಣದ ಬತ್ತಿ ನಮ್ಮದಲ್ಲ" ಎಂದು ಹಿರಿಯರೊಬ್ಬರು ಆಕ್ಷೇಪಿಸಿದ್ದರು. ವಿನಯಪೂರ್ವಕವಾಗಿ ಹೇಳುತ್ತೇವೆ: ಕಾಯಿಸಿದ ತುಪ್ಪದಲ್ಲಿ ಹೂಬತ್ತಿ ಅದ್ದಿ, ತುಪ್ಪ ಗಟ್ಟಿಯಾದ ಮೇಲೆ ಡಬ್ಬಿಯಲ್ಲಿ ತುಂಬಿಡುತ್ತೇವಲ್ಲ, ಅದು ಪುಟ್ಟ ಮೇಣದ ಬತ್ತಿಯಲ್ಲದೆ ಮತ್ತೇನು? ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಕಾಡಿನ ಧೂಪದ ಮರದ ಬೀಜವನ್ನು ಬೇಯಿಸಿ ತೆಗೆದ ಕೊಬ್ಬು ತಣಿದೊಡನೆ ಗಟ್ಟಿಯಾಗುತ್ತದೆ. ಅದರಿಂದ ಬತ್ತಿ ಮಾಡುತ್ತಿದ್ದ ಸಂಗತಿ 19ನೆಯ ಶತಮಾನದ ಸಸ್ಯಗ್ರಂಥಗಳಲ್ಲಿಯೇ ಬಂದಿದೆ. ಇನ್ನು ಈ ಮುಂಬಯಿಯಲ್ಲಂತೂ ಸೆಪ್ಟೆಂಬರ್ ತಿಂಗಳ ಮೌಂಟ್ ಮೇರಿ ಜಾತ್ರೆಗೆ ಬಾಂದ್ರಾದ ಗುಡ್ಡ ಹತ್ತುವವರು ಎಲ್ಲ ಮತದವರೂ ಇದ್ದಾರೆ. ಕಾಲುನೋವಿನವರು ಮೇಣದ ಕಾಲನ್ನೂ ಮನೆಯಿಲ್ಲದವರು ಮೇಣದ ಮನೆಯನ್ನೂ ಹರಕೆಯೊಪ್ಪಿಸಿ ಇಳಿಯುತ್ತಾರೆ. ಬೆಳಕಿಗೆ ನಮ್ಮದು, ಪರರದು ಎಂಬ ಭೇದವಿದ್ದಂತೆ ಕಾಣದು.

ಈಗ ನಮ್ಮ ಅಜ್ಜಿಯ ಸಂಗತಿಗೆ ಬರುತ್ತೇವೆ. ನಾಲ್ಕು ಮನೆಗಳಲ್ಲಿ ಒಂದು ಧಾರವಾಡದ ಕಡೆಯದು. ಯಜಮಾನರು ತೀರಿಕೊಂಡ ಮೇಲೆ ಮಗ ತಾಯಿಯನ್ನು ಊರಿನಿಂದ ಇಲ್ಲಿಗೆ ಕರೆತಂದಿದ್ದ. ಹೊಲ, ಮನೆ, ಹತ್ತು ಜನರ ನಡುವೆ ಬಾಳಿದ ಜೀವ ಏಳನೆಯ ಮಹಡಿಯ ಕಿಟಕಿಯ ಬಳಿ ದಿನವಿಡೀ ಕುಳಿತಿರುತ್ತಿತ್ತು. ಮನೆಯಲ್ಲಿ ಒಂಬತ್ತು ವರ್ಷದ ಮೊಮ್ಮಗಳಿದ್ದಳು. ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಆಟದಲ್ಲಿ ಹಿಂದಿ, ಮರಾಠಿ. ತಂದೆ ತಾಯಿ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅಜ್ಜಿಗೆ ಹಿಂದಿ ಬಾರದು. ಅಜ್ಜಿ ಮೊಮ್ಮಗಳು ಒಂದೇ ಕೋಣೆಯಲ್ಲಿ ಮಲಗುತ್ತಿದ್ದರೂ ಅವರ ನಡುವೆ ಇದ್ದ ಮಾತು, "ಊಟಾ ಆತೇನವಾ?", "ಹಾಂ", ಇಷ್ಟೇ. ಈ ಸಭೆಯಲ್ಲಿ ಕುಳಿತಿರುವ ಎಷ್ಟು ಜನರ ಮನೆಯ ಕಥೆ ಇದು ಎಂಬುದನ್ನು ನಾವು ಕೇಳುವುದಿಲ್ಲ.

ಒಂದು ಭಾನುವಾರ ಅಜ್ಜಿ ಬೇಸರ ಕಳೆಯಲೆಂದು ನಮ್ಮ ಅಡುಗೆಮನೆಗೆ ಬಂದರು. ಮೇಣದ ಬಿಳಿಯ ಚೂರುಗಳನ್ನು ಅಂಗೈಯಲ್ಲಿ ಹಾಕಿಕೊಂಡು, "ಇದು ಯಾವುದರದವಾ?" ಎಂದರು.

"ಸೋಯಾದ್ದು, ಅಜ್ಜಿ."

"ಸೋಯಾ ಅಂದ್ರ, ನಾವು ಬಿತ್ತತೀವಲ್ಲ, ಆ ಸೋಯಾ ಏನು?"

ಹೌದೆಂದೆವು. ಬೀದರ, ಬೆಳಗಾವಿ, ಧಾರವಾಡ, ಹಾವೇರಿ ಜಿಲ್ಲೆಗಳಲ್ಲಿ ಈ ಬೆಳೆ ಉಂಟೆಂಬುದನ್ನು ತಾವೂ ಬಲ್ಲಿರಿ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: "ಮಿರಗದ ಮಳಿಗೆ ಬಿತ್ತಿ ದಸರಾ ಸುಮಾರಿಗೆ ಒಕ್ಕತಿದ್ವಿ. ಚೀಲ ತುಂಬಿ ಪ್ಯಾಟಿಗೆ ಹಾಕಿದ ಮ್ಯಾಲ ಅದು ಎಲ್ಲಿಗೆ ಹೋಗತೈತಿ ಅಂತ ಕೇಳಿದವರಲ್ಲ. ಇದರೊಳಗ ದೀಪಾ ಐತಿ ಅಂತ ನಮಗ ಯಾರೂ ಹೇಳಲಿಲ್ಲ ನೋಡು." ಆ ಚೀಲದ ಮೇಲೆ ಎಲ್ಲಿಯ ಬೆಳೆಯೆಂದು ಬರೆದಿರಲಿಲ್ಲ. ಬರೆದಿದ್ದರೂ ನಾವು ಓದಿ ಹೇಳುತ್ತಿರಲಿಲ್ಲ. ಅಂದಿನಿಂದ ಅಜ್ಜಿ ಪ್ರತಿ ಭಾನುವಾರ ಬಂದರು. ಅವರ ಸೆರಗು ಹಿಡಿದು ಮೊಮ್ಮಗಳೂ ಬಂದಳು.

ಮಾಡುವ ಬಗೆಯನ್ನು ತಿಳಿಯಬೇಕೆನ್ನುವವರಿಗಾಗಿ ಹೇಳುತ್ತೇವೆ. ಮೇಣ, ಬತ್ತಿ, ಸುಗಂಧತೈಲ ಮೂರೂ ಕ್ರಾಫರ್ಡ್ ಮಾರುಕಟ್ಟೆ, ಮಸೀದಿ ಬಂದರದ ಸುತ್ತಿನ ಅಂಗಡಿಗಳಲ್ಲಿ ದೊರೆಯುತ್ತವೆ. ಸೋಯಾ ಎಂದು ಬರೆದದ್ದೆಲ್ಲ ಶುದ್ಧ ಸೋಯಾ ಆಗಿರುವುದಿಲ್ಲ. ಬೆರಕೆಯೂ ಉಂಟು, ಕೇಳಿ ಕೊಳ್ಳಬೇಕು. ಲೋಟದಲ್ಲಿ ಹಾಕುವ ಮೇಣ ಸುಮಾರು 50 ಡಿಗ್ರಿಗೆ ಕರಗುವಷ್ಟು ಮೆದು. ಲೋಟವಿಲ್ಲದೆ ತಾನಾಗಿ ನಿಲ್ಲಲಾರದು, ಮುಂಬಯಿಯ ಮೇ ತಿಂಗಳಲ್ಲಂತೂ ಕೇಳಲೇಬೇಡಿ. 100 ಮಿಲಿಲೀಟರ್ ನೀರು ಹಿಡಿಯುವ ಲೋಟಕ್ಕೆ ಸುಮಾರು 90 ಗ್ರಾಂ ಮೇಣ ಸಾಕು. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು ಅದರೊಳಗೆ ಮೂತಿಯುಳ್ಳ ಸಣ್ಣ ಸ್ಟೀಲಿನ ಪಾತ್ರೆಯನ್ನಿರಿಸಿ ಮೇಣವನ್ನು 75ರಿಂದ 80 ಡಿಗ್ರಿಯವರೆಗೆ ಕಾಯಿಸಬೇಕು. ಒಲೆಯಿಂದಿಳಿಸಿ, 100 ಗ್ರಾಂ ಮೇಣಕ್ಕೆ 6 ಗ್ರಾಂನಂತೆ ಸುಗಂಧತೈಲ ಹಾಕಿ ಎರಡು ನಿಮಿಷ ನಿಧಾನವಾಗಿ ಕಲಕಬೇಕು. 55ರಿಂದ 60 ಡಿಗ್ರಿಗೆ ಆರಿದ ಮೇಲೆ, ನಟ್ಟನಡುವೆ ಬತ್ತಿ ನಿಲ್ಲಿಸಿದ ಲೋಟಕ್ಕೆ ಸುರಿಯಬೇಕು. ಪಂಖಾದ ಗಾಳಿ ತಾಗದಂತೆ ರಾತ್ರಿಯೆಲ್ಲ ಬಿಡಬೇಕು. ಸುಗಂಧ ಹಾಕಿದ ಬತ್ತಿಯನ್ನು ಮರುದಿನವೇ ಹಚ್ಚುವ ಆತುರ ಬೇಡ. ಉಪ್ಪಿನಕಾಯಿ ಮಾಗುವಂತೆ ಅದೂ ಒಂದೆರಡು ವಾರ ಮಾಗಬೇಕು. ಅಜ್ಜಿಗೆ ಮಾತ್ರ ಸುಗಂಧ ಒಪ್ಪಿಗೆಯಿರಲಿಲ್ಲ. "ಬೆಳಕು ಸಾಲದೇನು, ವಾಸನಿ ಯಾಕ ಬೇಕು?" ಎನ್ನುತ್ತಿದ್ದರು.

ಬತ್ತಿಯ ವಿಷಯದಲ್ಲಿ ಅಜ್ಜಿಯೇ ನಮ್ಮ ಗುರು. ಹೊಸೆದ ಹತ್ತಿಯ ಬತ್ತಿ ಮೇಣದಲ್ಲಿ ನೆಟ್ಟಗೆ ನಿಂತು ತುದಿಗೆ ಕರಿ ಕಟ್ಟಿಕೊಂಡು ಹೊಗೆ ಬಿಡುತ್ತಿತ್ತು. ಅಜ್ಜಿ ಮೂರು ಎಳೆ ದಾರವನ್ನು ಜಡೆಯಂತೆ ಹೆಣೆದು ಮೇಣದಲ್ಲಿ ಅದ್ದಿ ಕೊಟ್ಟರು, ಹೊಗೆ ಕಡಿಮೆಯಾಯಿತು. ಹೆಣೆದ ಬತ್ತಿ ಉರಿಯುತ್ತ ಬಾಗಿ, ತನ್ನ ತುದಿಯನ್ನು ಜ್ವಾಲೆಯ ಅಂಚಿಗೆ ಚಾಚಿ ತಾನೇ ಸುಟ್ಟುಕೊಳ್ಳುತ್ತದೆ. 19ನೆಯ ಶತಮಾನದಲ್ಲಿ ಫ್ರಾನ್ಸಿನವರು ಕಂಡುಹಿಡಿದ ಉಪಾಯವೂ ಇದೇ ಎಂದು ನಾವು ಆಮೇಲೆ ಓದಿದೆವು. ಅಜ್ಜಿ ಅದನ್ನು ಕಲಿತದ್ದು ಮೊಮ್ಮಗಳ ತಲೆ ಬಾಚುವಾಗ.

"ಉರಿಯುವುದು ಬತ್ತಿಯೋ ಮೇಣವೋ?" ಎಂದು ಹುಡುಗಿ ಹಿಂದಿಯಲ್ಲಿ ಒಮ್ಮೆ ಕೇಳಿದಳು. ಇದೇ ಪ್ರಶ್ನೆಯನ್ನು ಹಿಡಿದು ವಿಜ್ಞಾನಿ ಮೈಕೆಲ್ ಫ್ಯಾರಡೆ 1860-61ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ಮಕ್ಕಳಿಗೆ ಆರು ಉಪನ್ಯಾಸಗಳನ್ನು ಕೊಟ್ಟಿದ್ದರು. ನಾವು ಬತ್ತಿಯನ್ನು ಊದಿ ಆರಿಸಿ, ಮೇಲೇಳುವ ಬಿಳಿಯ ಹೊಗೆಗೆ ಉರಿವ ಕಡ್ಡಿ ಹಿಡಿದೆವು. ಕಡ್ಡಿ ಬತ್ತಿಗೆ ತಾಗದೆಯೇ ಉರಿ ಹೊಗೆಯ ಗುಂಟ ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸಿತು. ಉರಿಯುವುದು ಮೇಣದ ಆವಿ. ಬತ್ತಿ ಅದನ್ನು ಮೇಲಕ್ಕೆ ಏರಿಸಿಕೊಡುವ ದಾರಿ. ಹುಡುಗಿ ಅದನ್ನು ಹತ್ತು ಸಲ ಮಾಡಿಸಿದಳು.

ನಮ್ಮ ತಪ್ಪುಗಳನ್ನೂ ಮುಚ್ಚಿಡಬಾರದು. ಮೊದಲ ವಾರ ಆತುರಕ್ಕೆ ಮೇಣದ ಪಾತ್ರೆಯನ್ನು ನೇರವಾಗಿ ಉರಿಯ ಮೇಲಿಟ್ಟು, ಬಾಗಿಲ ಬಳಿ ಕೊರಿಯರಿನವನೊಡನೆ ಮಾತಿಗೆ ನಿಂತೆವು. ಮರಳುವಷ್ಟರಲ್ಲಿ ಹೊಗೆ ತುಂಬಿತ್ತು. ಒಬ್ಬರು ನೀರು ಹಾಕಲು ಹೋದರು. ಪುಣ್ಯಕ್ಕೆ ಮತ್ತೊಬ್ಬರು ಕೈ ಹಿಡಿದರು. ಬಿಸಿ ಮೇಣಕ್ಕೆ ನೀರು ಬಿದ್ದರೆ ಸಿಡಿದು ಬೆಂಕಿ ಹರಡುತ್ತದೆ. ಗ್ಯಾಸ್ ಆರಿಸಿ ಮುಚ್ಚಳ ಮುಚ್ಚುವುದೊಂದೇ ದಾರಿ. ಕಟಿಂಗ್ ಚಹಾದ ಲೋಟದಲ್ಲಿ ಮಾಡಿದ ಬತ್ತಿ ತಳದವರೆಗೆ ಉರಿದು ಲೋಟ ಸೀಳಿತು. ಕಾವು ತಡೆಯುವ ದಪ್ಪ ಗಾಜೋ ತಗಡಿನ ಡಬ್ಬಿಯೋ ಮೇಲು. ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಿರುವಾಗಲೇ ಆರಿಸಬೇಕು. ಹಚ್ಚುವ ಮುನ್ನ ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಬೇಕು. ಸೋಯಾ ಬತ್ತಿ ಹೊಗೆಯನ್ನೇ ಬಿಡದೆಂಬ ಮಾತನ್ನು ನಂಬಬೇಡಿ. ಬತ್ತಿ ಉದ್ದವಾದರೆ ಯಾವ ಮೇಣವೂ ಮಸಿಯಾಡುತ್ತದೆ. ಪರದೆಯ ಬಳಿ ಇಡಬಾರದು, ಉರಿಯುವಾಗ ಮಲಗಬಾರದು. ನಮ್ಮ ಸಣ್ಣ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.

"ಇದನ್ನು ವ್ಯಾಪಾರ ಮಾಡಬಾರದೇಕೆ?" ಎಂದು ಎಲ್ಲರೂ ಕೇಳುತ್ತಾರೆ. ನಾವೂ ಒಂದು ದೀಪಾವಳಿಗೆ 60 ಬತ್ತಿಗಳ ಆರ್ಡರು ಹಿಡಿದೆವು. ಬೇಗ ಮುಗಿಯಬೇಕೆಂದು ಅಂಗಡಿಯಿಂದ ಸಿದ್ಧಬತ್ತಿ ತಂದೆವು. ಅಜ್ಜಿಗೆ, "ನೀವು ವಿಶ್ರಾಂತಿ ತೆಗೆದುಕೊಳ್ಳಿ" ಎಂದೆವು. ಹುಡುಗಿಯನ್ನು ಚೀಟಿ ಅಂಟಿಸಲು ಕೂರಿಸಿದೆವು. ಮೂರು ಭಾನುವಾರ ಅಡುಗೆಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಲೆಕ್ಕ ಹಾಕಿದಾಗ ಸ್ವಲ್ಪ ಲಾಭವೇ ಬಂದಿತ್ತು. ಆದರೆ ಅಜ್ಜಿ ಮತ್ತೆ ಕಿಟಕಿಯ ಬಳಿ ಕುಳಿತದ್ದನ್ನು ಕಂಡಾಗ ನಮಗೆ ನಾಚಿಕೆಯಾಯಿತು. ಈ ಕಸುಬಿನಿಂದ ಸಂಸಾರ ತೂಗಿಸುವ ಹೆಣ್ಣುಮಕ್ಕಳು ಮುಂಬಯಿಯಲ್ಲಿದ್ದಾರೆ. ಅವರಿಗೆ ನಮ್ಮ ನಮಸ್ಕಾರ. ನಮಗೆ ಬೇಕಾದದ್ದು ಅದಲ್ಲವೆಂದು ತಿಳಿದು ಆರ್ಡರು ಹಿಡಿಯುವುದನ್ನು ನಿಲ್ಲಿಸಿದೆವು.

ಬೇಕಾದದ್ದು ಏನೆಂದು ತಿಳಿದದ್ದು ಈ ವರ್ಷ. ಜೂನ್ ತಿಂಗಳಲ್ಲಿ ಬಿತ್ತನೆಯ ಕಾಲಕ್ಕೆ ಅಜ್ಜಿ ಹಟ ಹಿಡಿದು ಊರಿಗೆ ಹೋದರು. ಒಂದು ಭಾನುವಾರ ಮೇಣ ಸುರಿದಿಟ್ಟು ಕುಳಿತಿದ್ದಾಗ ಅವರ ಫೋನು ಬಂತು. ಹುಡುಗಿ ಕಸಿದುಕೊಂಡು ಹೇಳಿದಳು: "ಅಜ್ಜಿ, ಮ್ಯಾಲ ಕೆನಿ ಕಟ್ಟೈತಿ, ನಡುವ ಇನ್ನೂ ಹಸಿ ಐತಿ. ಮುಟ್ಟೂದಿಲ್ಲ ನಾ, ಆರಲಿ." ನಾವು ಮುಖ ಮುಖ ನೋಡಿಕೊಂಡೆವು. ಗೋರೆಗಾಂವದಲ್ಲಿ ಹುಟ್ಟಿ ಬೆಳೆದ ಹುಡುಗಿ. ಬಾಯಲ್ಲಿ ಅಚ್ಚ ಧಾರವಾಡದ ಮಾತು. ಅವಳ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಮಗುವಿಗೆ ನಾವು ಕನ್ನಡ ಕಲಿಸಲಿಲ್ಲ. "ಕನ್ನಡದಲ್ಲಿ ಮಾತನಾಡು" ಎಂದು ಗದರಿದ ದಿನಗಳಲ್ಲಿ ಅವಳು ಇನ್ನಷ್ಟು ದೂರ ಸರಿದಿದ್ದಳು. ಎರಡು ಕೈಗಳು ಒಂದು ಕೆಲಸದಲ್ಲಿ ಕೂಡಿದಾಗ 'ಹಿಡಿ', 'ಸುರಿ', 'ತಾಳು', 'ಆರಲಿ' ಎಂಬ ಮಾತುಗಳು ಬೇಕಾದವು, ಬೇಕಾದುದರಿಂದ ಬಂದವು. ಮೇಣ ಆರುವವರೆಗೆ ಕಾಯಲೇಬೇಕು. ನಿಮಿಷಕ್ಕೆ ನಿಮಿಷ ಗಾಡಿ ಹಿಡಿಯುವ ಈ ಊರಿನಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಹರಟೆಗೆ ಸಿಕ್ಕಿದ ಬಿಡುವು ಅದೊಂದೇ.

ತಾವು ಮೇಣದ ಬತ್ತಿಯನ್ನೇ ಮಾಡಬೇಕೆಂದು ನಾವು ಹೇಳುವುದಿಲ್ಲ. ಹಪ್ಪಳವಾಗಲಿ, ಹೂಮಾಲೆಯಾಗಲಿ, ಮಕ್ಕಳೂ ಹಿರಿಯರೂ ಕೂಡಿ ಕೈಯಿಕ್ಕುವ ಒಂದು ಕೆಲಸ ವಾರಕ್ಕೊಮ್ಮೆ ಮನೆಯಲ್ಲಿರಲಿ ಎಂದಷ್ಟೇ ನಮ್ಮ ವಿಜ್ಞಾಪನೆ. ಸಭೆ ಮುಗಿದ ಮೇಲೆ ಬಾಗಿಲ ಬಳಿ ಒಂದು ತಟ್ಟೆಯಲ್ಲಿ ಪುಟ್ಟ ಬತ್ತಿಗಳನ್ನಿಟ್ಟಿದ್ದೇವೆ, ಮನೆಗೊಂದರಂತೆ ಒಯ್ಯಬೇಕು. ಅವುಗಳ ಬತ್ತಿಯನ್ನು ಹೆಣೆದವಳು ಆ ಹುಡುಗಿ. ಸುಗಂಧ ಹಾಕಿಲ್ಲ, ಅದು ಅಜ್ಜಿಯ ಅಪ್ಪಣೆ.